ಮಿಡಿ ಎಂಬ ಮಾತಿನ ಬೆಲೆ

ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳನ್ನು ಮನೆಯಲ್ಲಿಯೇ ಮಾಡಿ ಅಂತರ್ಜಾಲದ ಮೂಲಕ ಮಾರುವ ಗೃಹಿಣಿಯರು ಈಗ ನಮ್ಮ ನಾಡಿನಲ್ಲಿ ಬಹುಮಂದಿ ಇರುವರು. ಅವರಲ್ಲಿ ಕೆಲವರಾದರೂ ಗೂಗಲ್ಲಿನ ಹುಡುಕುಪುಟದಲ್ಲಿ ಜಾಹೀರಾತು ಕೊಟ್ಟು ಕೈ ಸುಟ್ಟುಕೊಂಡಿರಬಹುದು. ಈ ತಿಂಗಳು ನಾವು ಬರೆಯತಕ್ಕ ವಿಷಯವು ಅದೇ. ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸುತ್ತ ತಲೆ ನರೆತವರಿಗೆ ಈ ವ್ಯಾಪಾರದ ಗೊಡವೆಯೇಕೆಂದು ವಾಚಕರು ಕೇಳಬಹುದು. ನಮ್ಮ ಮಾತನ್ನು ನಂಬಿ ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಒಂದೇ ತಿಂಗಳಲ್ಲಿ 4,800 ರೂಪಾಯಿಗಳನ್ನು ಕಳೆದುಕೊಂಡಳು. ಗೊಡವೆ ಅಲ್ಲಿಂದ ಹತ್ತಿತು.

ನಮ್ಮ ತಮ್ಮನ ಮಗಳು ಸಾಗರದ ಬಳಿಯ ಒಂದು ಹಳ್ಳಿಯಲ್ಲಿರುವಳು. ಅವಳ ಗಂಡನು ಎರಡು ವರ್ಷಗಳಿಂದ ಕಾಯಿಲೆಯಾಗಿ ಕೆಲಸ ಬಿಟ್ಟು ಮನೆಯಲ್ಲಿರುವನು. ಕಳೆದ ಮಾಘ ಫಾಲ್ಗುನಗಳಲ್ಲಿ ಅವಳು ಸ್ತ್ರೀಶಕ್ತಿ ಸಂಘದಿಂದ 40,000 ರೂಪಾಯಿ ಸಾಲ ತಂದು ಅಪ್ಪೆಮಿಡಿಯನ್ನು ಕೊಂಡು ಉಪ್ಪಿನಲ್ಲಿ ಹಾಕಿದಳು. ಅಪ್ಪೆಮಿಡಿಯನ್ನು ಮಲೆನಾಡಿನವರಿಗೆ ಪರಿಚಯ ಮಾಡಿಕೊಡಬೇಕಾದುದಿಲ್ಲ. ಬಯಲುಸೀಮೆಯ ವಾಚಕರಿಗಾಗಿ ಹೇಳುವುದಾದರೆ, ಅದು ಹೊಳೆದಂಡೆಯ ಮಾವಿನ ಮರಗಳಲ್ಲಿ ಬಿಡುವ ಎಳೆಯ ಕಾಯಿ. ತೊಟ್ಟು ಮುರಿದರೆ ಸೊನೆಯ ಪರಿಮಳವೇ ಹಸಿವನ್ನು ಹುಟ್ಟಿಸುವುದು. ಆಷಾಢದ ವೇಳೆಗೆ ಖಾರ ಬೆರೆಸಿದ ಅರ್ಧ ಕಿಲೋ ಭರಣಿಗಳು ಸಿದ್ಧವಾದುವು. ಒಂದರ ಬೆಲೆ 380 ರೂಪಾಯಿ. ಮಿಡಿ, ಸಾಸಿವೆ, ಮೆಣಸು, ಭರಣಿ, ಕೊರಿಯರಿನ ಖರ್ಚುಗಳೆಲ್ಲ ಕಳೆದು ಉಳಿಯುವುದು 110.

ಒಂದು ದಿನ ಅವಳು ಫೋನಿನಲ್ಲಿ, “ದೊಡ್ಡಪ್ಪ, ಜಾಹೀರಾತಿಗೆ ಮಾತುಗಳನ್ನು ಆರಿಸಿ ಕೊಡಬೇಕಂತೆ. ಮಾತಿನ ವಿಚಾರ ನಿಮಗಿಂತ ಯಾರಿಗೆ ಗೊತ್ತು?” ಎಂದಳು. ಇಂತಹ ಮಾತಿಗೆ ಉಬ್ಬದ ಮೇಷ್ಟರು ಯಾರು? ಸೂತ್ರವು ಚಿಕ್ಕದಾಗಿದ್ದಷ್ಟೂ ವ್ಯಾಪ್ತಿ ದೊಡ್ಡದೆಂದು ನಾವು ಗಂಭೀರವಾಗಿ ಹೇಳಿ, “ಮಿಡಿ” ಎಂಬ ಒಂದೇ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿಸಿದೆವು. ಜಾಹೀರಾತಿನ ತಲೆಬರಹವೂ ನಮ್ಮದೇ: “ಶುದ್ಧ ಮಿಡಿ, ಮನೆಬಾಗಿಲಿಗೆ.” ಅದೂ ಇಂಗ್ಲಿಷಿನಲ್ಲಿ.

ಇನ್ನು ಈ ಏರ್ಪಾಡಿನ ಸ್ವರೂಪವನ್ನು ಸ್ವಲ್ಪ ತಿಳಿಸಬೇಕು. ಪತ್ರಿಕೆಯ ಜಾಹೀರಾತಿಗೆ ಯಾರು ಓದಲಿ ಬಿಡಲಿ ಹಣ ತೆರಬೇಕಷ್ಟೆ. ಇಲ್ಲಿ ಹಾಗಲ್ಲ. ಯಾರಾದರೂ ಏನನ್ನೋ ಹುಡುಕಿದಾಗ ನಮ್ಮ ಜಾಹೀರಾತು ಕಾಣಿಸಿ, ಅವರು ಅದನ್ನು ಒತ್ತಿದರೆ ಮಾತ್ರ ನಮ್ಮ ಗಂಟಿನಿಂದ ಹಣ ಹೋಗುವುದು. ಈ ಒತ್ತುವಿಕೆಗೆ ಕ್ಲಿಕ್ ಎಂದು ಹೆಸರು. ಅಮೆರಿಕಾ ದೇಶದಲ್ಲಿ 1998ರಲ್ಲಿ ಬಿಲ್ ಗ್ರಾಸ್ ಎಂಬವರ ಗೋಟು ಎಂಬ ಸಂಸ್ಥೆಯು ಈ ಪದ್ಧತಿಯನ್ನು ಬಳಕೆಗೆ ತಂದಿತು; ಅಲ್ಲಿ ಹೆಚ್ಚು ಹಣ ಕೂಗಿದವರಿಗೆ ಮೇಲಿನ ಸ್ಥಾನ. ಗೂಗಲ್ಲಿನವರು 2000ನೆಯ ಇಸವಿಯ ಅಕ್ಟೋಬರಿನಲ್ಲಿ ತಮ್ಮ ಜಾಹೀರಾತಿನ ಅಂಗಡಿಯನ್ನು ತೆರೆದು, 2002ರಲ್ಲಿ ಕ್ಲಿಕ್ಕಿನ ಲೆಕ್ಕಕ್ಕೆ ಬಂದರು. ಆದರೆ ಅವರು ಕೂಗಿದ ಹಣದೊಡನೆ ಇನ್ನೊಂದನ್ನು ಸೇರಿಸಿ ತೂಗಿದರು: ಈ ಜಾಹೀರಾತನ್ನು ಕಂಡವರಲ್ಲಿ ಎಷ್ಟು ಮಂದಿ ಒತ್ತುವರು ಎಂಬುದನ್ನು. ಈಗಲೂ ಪ್ರತಿಯೊಂದು ಹುಡುಕಾಟಕ್ಕೂ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಒಂದು ಹರಾಜು ನಡೆಯುವುದು. ಕೂಗಿದ ಬೆಲೆ, ಒತ್ತುವ ಸಂಭವ, ಹುಡುಕಿದ ಮಾತಿಗೂ ಜಾಹೀರಾತಿಗೂ ಇರುವ ಹೊಂದಿಕೆ, ಒತ್ತಿದ ಮೇಲೆ ತೆರೆಯುವ ಪುಟದ ಯೋಗ್ಯತೆ, ಇವೆಲ್ಲವೂ ತೂಕಕ್ಕೆ ಬರುವುವು. ಆದುದರಿಂದ ಬಡವನಾದರೂ ಹೊಂದಿಕೆಯಾಗಿ ಮಾತನಾಡಿದರೆ ಧನಿಕನಿಗಿಂತ ಕಡಿಮೆ ಹಣದಲ್ಲಿ ಅವನ ಮೇಲೆ ಕುಳಿತುಕೊಳ್ಳಬಹುದು. ನಮ್ಮೂರ ದೇವಸ್ಥಾನದ ತೆಂಗಿನಕಾಯಿ ಹರಾಜಿನಲ್ಲಿ ಇಂತಹ ನ್ಯಾಯವನ್ನು ನಾವು ಕಂಡದ್ದಿಲ್ಲ.

ತಿಂಗಳು ತುಂಬಿದಾಗ ಲೆಕ್ಕ ಹೀಗಿತ್ತು: ದಿನಕ್ಕೆ 200 ರೂಪಾಯಿಯಂತೆ ವೆಚ್ಚ ಸುಮಾರು 6,000, ಬಂದ ಕ್ಲಿಕ್ಕುಗಳು 640, ಮಾರಾಟವಾದ ಭರಣಿಗಳು 11. ಹನ್ನೊಂದು ಭರಣಿಗಳ ಲಾಭ 1,210 ರೂಪಾಯಿ. ಉಳಿದದ್ದು ನಷ್ಟ. ಸಂಘದ ಕಂತನ್ನು ಆ ತಿಂಗಳು ಅವಳು ಹಾಲಿನ ಹಣದಲ್ಲಿ ಕಟ್ಟಿದಳೆಂದು ನಮಗೆ ತಿಳಿದುಬಂದದ್ದು ಅವಳ ಬಾಯಿಂದಲ್ಲ, ತಮ್ಮನ ಹೆಂಡತಿಯ ಬಾಯಿಂದ.

ನಾವು ಬಸ್ಸು ಹತ್ತಿ ಅಲ್ಲಿಗೆ ಹೋದೆವು. ಅವಳ ಕಂಪ್ಯೂಟರಿನಲ್ಲಿ “ಸರ್ಚ್ ಟರ್ಮ್ಸ್” ಎಂಬ ಪುಟವೊಂದುಂಟು. ನಾವು ಕೊಟ್ಟ ಮಾತು ಯಾವುದೆಂಬುದನ್ನಲ್ಲ, ಜನರು ನಿಜವಾಗಿ ಏನು ಬರೆದು ಹುಡುಕಿದರೆಂಬುದನ್ನು ಅದು ತೋರಿಸುವುದು. (2020ರಿಂದೀಚೆಗೆ ವಿರಳವಾಗಿ ಬರುವ ಮಾತುಗಳನ್ನು ಅದರಲ್ಲಿ ಮರೆಮಾಡುವರು, ಆದರೂ ಇದ್ದಷ್ಟೇ ಸಾಕು.) ಅದನ್ನು ಓದಿ ನಮಗೆ ಬೆವರು ಬಂದಿತು. ಹುಡುಕಿದವರಲ್ಲಿ ಬಹುಪಾಲು ಕಾಲೇಜಿನ ಹುಡುಗಿಯರು. ಅವರಿಗೆ ಬೇಕಾಗಿದ್ದುದು ಮೊಣಕಾಲಿನ ಕೆಳಗೆ ಇಳಿಯುವ ಮಿಡಿ ಎಂಬ ಲಂಗ. ಇನ್ನು ಕೆಲವರು ಗಾಯಕರು, ವಾದಕರು. ಯಂತ್ರಗಳ ನಡುವೆ ಸಂಗೀತವನ್ನು ಸಾಗಿಸುವ ಒಂದು ಏರ್ಪಾಡಿಗೂ ಮಿಡಿ ಎಂದೇ ಹೆಸರಂತೆ. “ಶುದ್ಧ ಮಿಡಿ, ಮನೆಬಾಗಿಲಿಗೆ” ಎಂಬುದನ್ನು ನೋಡಿ ಪಾಪ, ಅವರು ಒತ್ತಿದರು. ಒತ್ತಿದೊಡನೆ ಉಪ್ಪಿನಕಾಯಿಯ ಭರಣಿ ಕಾಣಿಸಿತು. ಒಬ್ಬೊಬ್ಬರ ಆಶ್ಚರ್ಯಕ್ಕೂ ನಮ್ಮ ಹುಡುಗಿ ಒಂಬತ್ತು ರೂಪಾಯಿಗಿಂತ ಹೆಚ್ಚಾಗಿ ತೆತ್ತಿದ್ದಳು.

“ಸೈಂಧವವನ್ನು ತಾ” ಎಂದರೆ ಊಟಕ್ಕೆ ಕುಳಿತವನಿಗೆ ಉಪ್ಪನ್ನೂ ಪ್ರಯಾಣಕ್ಕೆ ನಿಂತವನಿಗೆ ಕುದುರೆಯನ್ನೂ ತರಬೇಕೆಂದು ನಾವೇ ಮೂವತ್ತು ವರ್ಷ ಪಾಠ ಹೇಳಿದ್ದೆವು. ಅಮರಕೋಶದಲ್ಲಿ ನಾನಾರ್ಥವರ್ಗವೆಂದು ಒಂದು ಭಾಗವೇ ಉಂಟು. ಇಷ್ಟಾಗಿ ಉಪ್ಪನ್ನು ಬೇಡಿದ ಕಡೆಗೆ ಕುದುರೆಯನ್ನು ಓಡಿಸಿದವರು ನಾವೇ. ಹಣ ತೆರುವುದು ಮಾತಿಗಲ್ಲ, ಮಾತಾಡಿದವನ ಅಭಿಪ್ರಾಯಕ್ಕೆ ಎಂಬುದು ಅಂದು ನಮಗೆ ಅರ್ಥವಾಯಿತು.

ಕೊಟ್ಟ ಮಾತನ್ನು ಯಂತ್ರವು ಎಷ್ಟು ದೂರ ಎಳೆಯಬಹುದೆಂಬುದಕ್ಕೆ ಮೂರು ಕಟ್ಟಳೆಗಳುಂಟು. ಬ್ರಾಡ್ ಮ್ಯಾಚ್ ಎಂಬುದರಲ್ಲಿ ಸಂಬಂಧಪಟ್ಟಿತೆಂದು ತನಗೆ ತೋರಿದ ಎಲ್ಲ ಹುಡುಕಾಟಕ್ಕೂ ಅದು ಜಾಹೀರಾತನ್ನು ತೋರಿಸುವುದು. ಫ್ರೇಸ್ ಮ್ಯಾಚ್ ಎಂಬುದರಲ್ಲಿ ನಮ್ಮ ಮಾತಿನ ಅರ್ಥವು ಹುಡುಕಿದ ವಾಕ್ಯದಲ್ಲಿ ಅಡಗಿರಬೇಕು. ಎಕ್ಸಾಕ್ಟ್ ಮ್ಯಾಚ್ ಎಂಬುದರಲ್ಲಿ ಅರ್ಥವು ಅಷ್ಟಕ್ಕಷ್ಟೇ ಇರಬೇಕು. ಏನೂ ಹೇಳದೆ ಮಾತನ್ನು ಬರೆದರೆ ಮೊದಲನೆಯದೇ ಗಟ್ಟಿ. ನಾವು ಒಂಟಿ ಮಿಡಿಯನ್ನು ತೆಗೆದುಹಾಕಿ, ಅಪ್ಪೆಮಿಡಿ ಉಪ್ಪಿನಕಾಯಿ ಎಂಬುದನ್ನು ಕನ್ನಡದಲ್ಲಿಯೂ ಇಂಗ್ಲಿಷ್ ಅಕ್ಷರಗಳ ನಾಲ್ಕಾರು ಕಾಗುಣಿತಗಳಲ್ಲಿಯೂ ಬರೆದು ಎರಡನೆಯ ಮೂರನೆಯ ಕಟ್ಟಳೆಗಳಿಗೆ ಒಳಪಡಿಸಿದೆವು.

ಆದರೂ ಅಪ್ಪೆಮಿಡಿಯನ್ನು ಹುಡುಕುವವರೆಲ್ಲರೂ ಕೊಳ್ಳುವವರಲ್ಲ. ಒಬ್ಬರಿಗೆ ನೆಡಲು ಕಸಿ ಗಿಡ ಬೇಕು. ಇನ್ನೊಬ್ಬರಿಗೆ ಮಾಡುವ ವಿಧಾನ ಬೇಕು. ಮತ್ತೊಬ್ಬರಿಗೆ ಮಂಡಿಯ ಸಗಟು ಧಾರಣೆ ಬೇಕು. ಇವರನ್ನು ದೂರವಿಡುವುದಕ್ಕೆ ನೆಗೆಟಿವ್ ಕೀವರ್ಡ್ ಎಂಬ ನಿಷೇಧವಾಕ್ಯಗಳುಂಟು. ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಬೇಕೆಂದು ಕೊಟ್ಟ ಮಾತಿಗೆ ಯಂತ್ರವು ತಾನಾಗಿಯೇ ಪರ್ಯಾಯಪದಗಳನ್ನು ಹುಡುಕಿಕೊಳ್ಳುವುದು. ಬೇಡವೆಂದು ಕೊಟ್ಟ ಮಾತಿಗೆ ಆ ಉಪಕಾರವನ್ನು ಮಾಡದು. ಗಿಡ ಬೇಡವೆಂದರೆ ಸಸಿ ಒಳಕ್ಕೆ ಬರುವುದು, ಸಸಿ ಬೇಡವೆಂದರೆ ಕಸಿ ಬರುವುದು, ಅದೂ ಬೇಡವೆಂದರೆ ನರ್ಸರಿ ಬರುವುದು. ಇಲ್ಲಿ ಮಾತ್ರ ನಮ್ಮ ಹಳೆಯ ವಿದ್ಯೆ ಕೆಲಸಕ್ಕೆ ಬಂದಿತು. ಅಡಿಗೆಮನೆಯ ಜಗುಲಿಯಲ್ಲಿ ಕುಳಿತು ನಾವೂ ಅವಳೂ ಒಂದು ಸಂಜೆಯಲ್ಲಿ ನೂರಕ್ಕೆ ಮೇಲ್ಪಟ್ಟ ಮಾತುಗಳನ್ನು ನಿಷೇಧಿಸಿದೆವು. ಉತ್ಸಾಹ ಅತಿಯಾಯಿತು. ಮನೆಯಲ್ಲಿ ಮಾಡುವ ವಿಧಾನವನ್ನು ಕೇಳುವವರನ್ನು ತಡೆಯಲೆಂದು ನಾವು “ಹೋಂ” ಎಂಬ ಮಾತನ್ನೂ ಸೇರಿಸಿಬಿಟ್ಟೆವು. ನಾಲ್ಕು ದಿನ ಒಂದು ಭರಣಿಯೂ ಹೋಗಲಿಲ್ಲ. “ಹೋಂ ಮೇಡ್” ಉಪ್ಪಿನಕಾಯಿಯನ್ನು ಕೇಳಿಕೊಂಡು ಬರುತ್ತಿದ್ದ ಒಳ್ಳೆಯ ಗಿರಾಕಿಗಳೂ ಬಾಗಿಲಲ್ಲೇ ನಿಂತುಹೋಗಿದ್ದರು. ಈ ಸಾರಿ ಅದನ್ನು ಕಂಡುಹಿಡಿದವಳು ಅವಳೇ. ನಮಗೆ ಹೇಳುವಾಗ, “ಇರಲಿ ಬಿಡಿ ದೊಡ್ಡಪ್ಪ” ಎಂದಳೇ ಹೊರತು ಬೇರೇನೂ ಅನ್ನಲಿಲ್ಲ.

ತಲೆಬರಹಕ್ಕೆ ಮೂವತ್ತು ಅಕ್ಷರ, ವಿವರಣೆಗೆ ತೊಂಬತ್ತು ಅಕ್ಷರ. ಅದಕ್ಕೆ ಮೀರಿ ಬರೆಯುವಂತಿಲ್ಲ. ಅರ್ಧಮಾತ್ರೆ ಉಳಿದರೆ ಹಬ್ಬ ಮಾಡುವ ವೈಯಾಕರಣರಿಗೆ ಇದು ಹೇಳಿ ಮಾಡಿಸಿದ ಕಟ್ಟು. “380 ರೂಪಾಯಿ, ಅರ್ಧ ಕಿಲೋ” ಎಂದು ಅದರಲ್ಲಿಯೇ ಬರೆದೆವು. ಬೆಲೆಯನ್ನು ಮೊದಲೇ ಹೇಳಿದರೆ ಜನರು ಒತ್ತುವುದಿಲ್ಲವೆಂದು ಅವಳು ಶಂಕಿಸಿದಳು. ಕೊಳ್ಳದವನು ಒತ್ತದಿರುವುದೇ ನಮಗೆ ಲಾಭವಲ್ಲವೆ? ಒತ್ತಿದವರಿಗೆ ಮೊದಲು ಹಪ್ಪಳ, ಜೇನು ಎಲ್ಲ ಇರುವ ಮುಂಬಾಗಿಲಿನ ಪುಟವು ತೆರೆಯುತ್ತಿತ್ತು; ಅದನ್ನು ಬದಲಾಯಿಸಿ ನೇರವಾಗಿ ಭರಣಿಯ ಪುಟಕ್ಕೇ ಕರೆತಂದೆವು.

ಸ್ಥಳದ ವಿಷಯದಲ್ಲಿಯೂ ಒಂದು ಮೋಸ ಹೋಗಿದ್ದೆವು. ಕರ್ನಾಟಕವೆಂದು ಗುರುತು ಹಾಕಿದರೂ, ಬೇರೆ ಹೇಳದಿದ್ದರೆ, ಅಲ್ಲಿರುವವರಿಗಲ್ಲದೆ ಆ ಸ್ಥಳದಲ್ಲಿ ಆಸಕ್ತಿಯುಳ್ಳವರಿಗೂ ಜಾಹೀರಾತು ಕಾಣುವುದು. ಊರಿನ ನೆನಪಾಗಿ ಪರದೇಶದಲ್ಲಿ ಹುಡುಕಿದ ಮಲೆನಾಡಿಗರು ಒತ್ತಿ, ಅಲ್ಲಿಗೆ ಕಳುಹಿಸುವುದಿಲ್ಲವೆಂಬುದನ್ನು ಓದಿ ಹಿಂತಿರುಗಿದ್ದರು. ಅವರ ಮೇಲೆ ಕೋಪ ಬರಲಿಲ್ಲ. “ಸ್ಥಳದಲ್ಲಿರುವವರಿಗೆ ಮಾತ್ರ” ಎಂಬ ಗುರುತನ್ನು ಒತ್ತಿದೆವು.

ಬೆಲೆ ಕೂಗುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಏರ್ಪಾಡೂ ಉಂಟು. ಅದಕ್ಕೆ ಯಾವುದನ್ನು ಜಯವೆಂದು ಹೇಳಿಕೊಡುವೆವೋ ಅದನ್ನೇ ಅದು ಹುಡುಕಿ ತರುವುದು. ನಮ್ಮ ಹುಡುಗಿ ಪುಟ ತೆರೆದುದನ್ನೇ ಜಯವೆಂದು ಗುರುತಿಸಿದ್ದಳು. ಯಂತ್ರವೂ ವಿಧೇಯ ಶಿಷ್ಯನಂತೆ ಪುಟ ತೆರೆದು ಹೋಗುವವರನ್ನೇ ತಂದು ಗುಡ್ಡೆಹಾಕಿತು. ಹಣ ಸಂದಾಯವಾದುದನ್ನು ಜಯವೆಂದು ತಿದ್ದಿದೆವು. ಮಾರಾಟ ಇಷ್ಟು ಸ್ವಲ್ಪವಿರುವಾಗ ಯಂತ್ರಕ್ಕೆ ಕಲಿಯಲು ಸಾಮಗ್ರಿ ಸಾಲದು. ಆದುದರಿಂದ ಸದ್ಯಕ್ಕೆ ಬೆಲೆಯ ಮಿತಿಯನ್ನು ನಾವೇ ಇಟ್ಟುಕೊಂಡೆವು. ಹತ್ತು ಮಂದಿ ಬಂದರೆ ಒಬ್ಬರು ಕೊಳ್ಳುವರೆಂದಿಟ್ಟುಕೊಂಡರೆ 110ನ್ನು ಹತ್ತರಿಂದ ಭಾಗಿಸಿ, ಒಂದು ಕ್ಲಿಕ್ಕಿಗೆ ಹನ್ನೊಂದು ರೂಪಾಯಿಗಿಂತ ಹೆಚ್ಚು ತೆರಕೂಡದು. ಈ ಭಾಗಾಕಾರವನ್ನು ಮೊದಲ ದಿನವೇ ಮಾಡಬೇಕಾಗಿತ್ತು.

ಆ ಪುಟದಲ್ಲಿ ನೂರಕ್ಕೆ ಇಷ್ಟೆಂದು ನಮಗೆ ಅಂಕ ಕೊಡುವ ಒಂದು ಮೂಲೆಯೂ ಉಂಟು. ಹಣವನ್ನು ಹೆಚ್ಚಿಸಿರಿ, ಮಾತುಗಳನ್ನು ಸಡಿಲಿಸಿರಿ ಎಂಬ ಸಲಹೆಗಳನ್ನು ಒಪ್ಪಿದರೆ ಅಂಕ ಏರುವುದು. ನಾವೂ ಒಂದು ಕಾಲದಲ್ಲಿ ಅಂಕ ಕೊಟ್ಟವರೇ. ಹುಡುಗರಿಗೆ ಪೆನ್ಸಿಲು ಮಾರುತ್ತ ಪೆನ್ಸಿಲು ಕೊಂಡವನಿಗೆ ಅಂಕ ಹಾಕುವ ಮೇಷ್ಟರನ್ನು ಮಾತ್ರ ನಾವು ಕಂಡಿರಲಿಲ್ಲ. ಸಲಹೆಗಳನ್ನು ಓದಿದೆವು, ಒಂದೆರಡನ್ನು ಒಪ್ಪಿದೆವು, ಉಳಿದುವನ್ನು ಬಿಟ್ಟೆವು.

ಮೂರನೆಯ ತಿಂಗಳು ವೆಚ್ಚ 2,900, ಕ್ಲಿಕ್ಕುಗಳು 310, ಭರಣಿಗಳು 29. ಒಂದು ಭರಣಿಯನ್ನು ಮಾರಲು 100 ರೂಪಾಯಿ ತಗುಲಿತು, ಉಳಿದದ್ದು ಹತ್ತು. ಇದೇನು ಮಹಾ ಲಾಭವೆಂದು ನಾವು ಮುಖ ಸಣ್ಣಗೆ ಮಾಡಿಕೊಂಡಾಗ ಅವಳು ತನ್ನ ನೋಟುಪುಸ್ತಕವನ್ನು ತೆರೆದು ತೋರಿಸಿದಳು. ಹಿಂದೆ ಕೊಂಡಿದ್ದ ಮನೆಗಳವರು ಆ ತಿಂಗಳು ನೇರವಾಗಿ ಅವಳ ಫೋನಿಗೇ ಹೇಳಿ ತರಿಸಿಕೊಂಡ ಭರಣಿಗಳು 17 ಇದ್ದುವು. ಅವುಗಳಿಗೆ ಕ್ಲಿಕ್ಕಿನ ಸುಂಕವಿಲ್ಲ. 110 ಪೂರ್ತಿ ಅವಳದೇ. ಬೆಂಗಳೂರಿನ ಒಬ್ಬ ಅಜ್ಜಿಯವರಂತೂ ಮೂರು ಸಾರಿ ತರಿಸಿದ್ದರು. ಪ್ರತಿ ಭರಣಿಯೊಡನೆ ತನ್ನ ನಂಬರನ್ನು ಬರೆದ ಚೀಟಿಯೊಂದನ್ನು ಇಡುವ ಉಪಾಯವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾರ್ತಿಕದ ಹೊತ್ತಿಗೆ, ಊರಿನ ಅಂಗಡಿಗೆ ಕೊಟ್ಟದ್ದೂ ಸೇರಿ, ಭರಣಿಗಳೆಲ್ಲ ಮುಗಿದುವು. ಮಾಲಿಲ್ಲದ ದಿನಗಳಲ್ಲಿ ಜಾಹೀರಾತು ನಡೆಯುತ್ತಿದ್ದರೆ ಕ್ಲಿಕ್ಕಿನ ಹಣ ಸುಮ್ಮನೆ ಹರಿದುಹೋಗುವುದರಿಂದ ಅದನ್ನು ನಿಲ್ಲಿಸಿದ್ದಾಳೆ. ಸಂಘದ ಕಂತುಗಳು ಇನ್ನು ಐದು ಉಳಿದಿವೆ. ಮುಂದಿನ ಮಿಡಿಯ ಕಾಲಕ್ಕೆ ಮಾತುಗಳ ಪಟ್ಟಿಯನ್ನು ತಾನೇ ಬರೆದು, ನಮಗೆ ತಿದ್ದಲು ಕಳುಹಿಸುವೆನೆಂದು ಹೇಳಿರುವಳು.