ಕಣ್ಣು ಉಳಿಸಬೇಕಾದ ನೀರೇ ಕಣ್ಣು ಸುಟ್ಟರೆ?

ಕೊಲ್ಲಿಯ ಬೇಸಿಗೆ ಹೇಗಿರುತ್ತದೆಂದು ಅಲ್ಲಿ ದುಡಿಯುವವರ ಮನೆಯವರಿಗೆ ಹೇಳಬೇಕಿಲ್ಲ. ಗೀಸರ್ ಹಾಕದಿದ್ದರೂ ನಲ್ಲಿಯಲ್ಲಿ ಬರುವುದು ಬಿಸಿನೀರೇ. ಈ ಬಿಸಿಲಿನಿಂದ ಕಾರ್ಮಿಕರನ್ನು ಕಾಪಾಡಲು ಅಲ್ಲಿನ ಸರಕಾರಗಳು ಮಧ್ಯಾಹ್ನದ ವಿರಾಮವನ್ನು ಕಡ್ಡಾಯ ಮಾಡಿವೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಇದು ಸ್ವಾಗತಾರ್ಹ. ಆದರೆ ಅದೇ ಬಿಸಿಲು ಕಾರ್ಖಾನೆಗಳ ತುರ್ತು ಶವರ್ ಮತ್ತು ಕಣ್ಣು ತೊಳೆಯುವ ಐವಾಶ್‌ಗಳ ನೀರನ್ನೂ ಕಾಯಿಸುತ್ತದೆ ಎಂಬ ಸಂಗತಿ ಚರ್ಚೆಗೆ ಬರುವುದೇ ಅಪರೂಪ.

ತೈಲ ಶುದ್ಧೀಕರಣ ಘಟಕ, ರಸಗೊಬ್ಬರ ಕಾರ್ಖಾನೆ, ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರಗಳಲ್ಲಿ ಆಮ್ಲ, ಕಾಸ್ಟಿಕ್ ಸೋಡಾಗಳ ಬಳಕೆ ಇದ್ದೇ ಇರುತ್ತದೆ. ಅವು ಮೈಗೋ ಕಣ್ಣಿಗೋ ಸಿಡಿದರೆ ಮೊದಲು ನೀರು, ಆಮೇಲೆ ಆಸ್ಪತ್ರೆ. ಕಾಸ್ಟಿಕ್‌ನಂಥ ಕ್ಷಾರ ಆಮ್ಲಕ್ಕಿಂತಲೂ ಆಳವಾಗಿ ಕಣ್ಣಿನೊಳಗೆ ಇಳಿಯುತ್ತದೆ. ಕೊಲ್ಲಿಯ ಅನೇಕ ಕಂಪನಿಗಳೂ ಅನುಸರಿಸುವ ಅಮೆರಿಕದ ಆನ್ಸಿ ಝಡ್ 358.1 ಮಾನದಂಡದ ಪ್ರಕಾರ, ಈ ನೀರು 10 ಸೆಕೆಂಡಿನಲ್ಲಿ ತಲುಪುವಷ್ಟು ಹತ್ತಿರದಲ್ಲಿರಬೇಕು. 15 ನಿಮಿಷ ನಿಲ್ಲದೆ ಹರಿಯಬೇಕು. ಉಗುರುಬೆಚ್ಚಗೆ, ಅಂದರೆ 16ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು.

ಈ ಮೂರನೆಯ ಅಂಶವೇ ಹೆಚ್ಚಾಗಿ ಕಡೆಗಣಿಸಲ್ಪಡುವುದು. ನೀರು 38 ಡಿಗ್ರಿ ಮೀರಿದರೆ ಕಣ್ಣಿಗೆ ಅದರಿಂದಲೇ ಹಾನಿ. ರಾಸಾಯನಿಕದ ದಾಳಿಯೂ ಚುರುಕಾಗಬಹುದು. ಕೆನಡಾದಂಥ ಶೀತದೇಶದಲ್ಲಿ ಸಮಸ್ಯೆ ತಿರುವುಮುರುವು: ಕೊರೆಯುವ ನೀರಿನಡಿ ನಿಂತರೆ ದೇಹದ ಶಾಖವೇ ಕುಸಿಯುತ್ತದೆ. ಎರಡೂ ಕಡೆ ಗಾಯಾಳು ಒಂದೆರಡು ನಿಮಿಷದಲ್ಲೇ ಹೊರಗೆ ಬಂದುಬಿಡುತ್ತಾನೆ. ತೊಳೆದುಹೋಗಬೇಕಾದ ವಿಷ ಮೈಮೇಲೆ, ಕಣ್ಣೊಳಗೆ ಉಳಿಯುತ್ತದೆ.

ಪರಿಹಾರ ಹೊಸದಾಗಿ ಹುಡುಕಬೇಕಾದದ್ದಲ್ಲ. ಕೊಳವೆಗಳನ್ನು ನೆಲದಡಿ ಹಾಕುವುದು, ಶಾಖ ತಾಗದಂತೆ ಹೊದಿಕೆ ಸುತ್ತುವುದು, ಟ್ಯಾಂಕಿಗೆ ನೆರಳು, ಚಿಲ್ಲರ್ ಒದಗಿಸುವುದು, ಕಾದ ನೀರನ್ನು ತಾನಾಗಿ ಹೊರಬಿಡುವ ವಾಲ್ವ್ ಅಳವಡಿಸುವುದು, ಶೀತದೇಶದಲ್ಲಿ ಬಿಸಿನೀರು-ತಣ್ಣೀರು ಬೆರೆಸುವ ವಾಲ್ವ್ ಹಾಕುವುದು ಎಲ್ಲವೂ ಬಳಕೆಯಲ್ಲಿವೆ. ಶವರ್‌ಗೆ ನಿಮಿಷಕ್ಕೆ ಸುಮಾರು 75 ಲೀಟರ್, 15 ನಿಮಿಷಕ್ಕೆ 1,100 ಲೀಟರಿಗೂ ಹೆಚ್ಚು ನೀರು ಬೇಕು. ಮನೆಬಳಕೆಯ ಪುಟ್ಟ ಗೀಸರ್ ಇದಕ್ಕೆ ಸಾಲದು. ಖರ್ಚಿದೆ, ನಿಜ. ಆದರೆ ಕಣ್ಣು ಕಳೆದುಕೊಂಡವನ ಸಂಸಾರ ತೆರುವ ಬೆಲೆಯೆದುರು ಅದು ದೊಡ್ಡದಲ್ಲ.

ವಾರಕ್ಕೊಮ್ಮೆ ಇವನ್ನು ಹರಿಸಿ ನೋಡಬೇಕೆಂಬ ನಿಯಮವೂ ಅದೇ ಮಾನದಂಡದಲ್ಲಿದೆ. ಮುಂಜಾನೆಯ ತಂಪಿನಲ್ಲಿ ಪರೀಕ್ಷಿಸಿ ಪಟ್ಟಿಯಲ್ಲಿ ಗುರುತು ಹಾಕಿದರೆ ಮಧ್ಯಾಹ್ನದ ಸತ್ಯ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ವಿರಾಮ ಮುಗಿದ ಕೂಡಲೇ ಥರ್ಮಾಮೀಟರ್ ಹಿಡಿದು ನೋಡಬೇಕೆಂಬುದು ನಮ್ಮ ಆಗ್ರಹ.

ಇದನ್ನು ಕೇಳುವ ಹೊರೆಯನ್ನು ಕಾರ್ಮಿಕನೊಬ್ಬನ ಮೇಲೆ ಹಾಕುವುದು ನ್ಯಾಯವಲ್ಲ. ವೀಸಾ, ಸಂಬಳ ಎರಡೂ ಮಾಲೀಕನ ಕೈಯಲ್ಲಿರುವಾಗ ದೂರು ಕೊಡಲು ಧೈರ್ಯ ಬರುವುದು ಕಷ್ಟ. ವಿದೇಶಾಂಗ ಸಚಿವಾಲಯವು ಹೊರಡುವ ಮುನ್ನ ನೀಡುವ ತರಬೇತಿಯಲ್ಲಿ ಈ ವಿಷಯಕ್ಕೂ ಜಾಗ ಸಿಗಬೇಕು. ಅಲ್ಲಿನ ಕನ್ನಡ ಸಂಘಗಳು ತಮ್ಮ ಕಾರ್ಯಕ್ರಮಗಳ ನಡುವೆ ಅರ್ಧ ಗಂಟೆ ಇದಕ್ಕೆ ಮೀಸಲಿಟ್ಟರೆ ದೊಡ್ಡ ಉಪಕಾರ.

ಮನೆಯವರೂ ಒಂದು ಕೆಲಸ ಮಾಡಬಹುದು. ವಾರದ ಫೋನಿನಲ್ಲಿ ಊಟ, ನಿದ್ದೆ, ರಜೆಯ ವಿಚಾರ ಕೇಳುವಾಗ ಇದನ್ನೂ ಕೇಳಿ: ನೀನು ಕೆಲಸ ಮಾಡುವಲ್ಲಿ ಐವಾಶ್ ಎಲ್ಲಿದೆ? ಮಧ್ಯಾಹ್ನ ಅದರ ನೀರು ಮುಟ್ಟಿ ನೋಡಿದ್ದೀಯಾ? ಉತ್ತರ ಗೊತ್ತಿಲ್ಲವೆಂದರೆ, ನಾಳೆಯೇ ನೋಡಿ ಹೇಳು ಎನ್ನಿ.