ಪಶ್ಚಾತ್ತಾಪಕ್ಕೆ ಎಡೆಯಿಲ್ಲದ ಸೆರೆಮನೆ

ಸೆರೆಮನೆಗೆ ಇಂಗ್ಲಿಷಿನಲ್ಲಿ 'ಪೆನಿಟೆನ್ಷಿಯರಿ' ಎಂಬ ಹೆಸರೂ ಉಂಟು. ಪಶ್ಚಾತ್ತಾಪ ಪಡುವ ಸ್ಥಳ ಎಂಬುದು ಆ ಪದದ ಮೂಲಾರ್ಥ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1829ರಲ್ಲಿ ಆರಂಭವಾದ ಈಸ್ಟರ್ನ್ ಸ್ಟೇಟ್ ಸೆರೆಮನೆಯ ಹಿಂದೆ ಕ್ವೇಕರ್ ಪಂಥದ ಧರ್ಮನಿಷ್ಠರ ಪ್ರೇರಣೆಯಿತ್ತು. ಚಾಟಿಯೇಟು ಮತ್ತು ನೇಣುಗಂಬಗಳಿಗೆ ಬದಲಾಗಿ ಏಕಾಂತ, ಮೌನ, ಧರ್ಮಗ್ರಂಥಗಳ ಮೂಲಕ ಅಪರಾಧಿಯ ಅಂತಃಸಾಕ್ಷಿಯನ್ನು ಎಚ್ಚರಿಸಬಹುದೆಂದು ಅವರು ನಂಬಿದ್ದರು. ಸಂಕಲ್ಪ ಒಳ್ಳೆಯದಾಗಿದ್ದರೂ ಫಲ ಕ್ರೂರವಾಯಿತು. 1842ರಲ್ಲಿ ಅದನ್ನು ಸಂದರ್ಶಿಸಿದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಆ ಏಕಾಂತವಾಸವನ್ನು ತೀವ್ರವಾಗಿ ಖಂಡಿಸಿದನು. ಇಂತಹ ಬಂಧನದಿಂದ ಅನೇಕರ ಬುದ್ಧಿ ಮಂಕಾಯಿತು, ಕೆಲವರಿಗೆ ಚಿತ್ತಭ್ರಮೆಯಾಯಿತು, ಇನ್ನು ಕೆಲವರು ಆತ್ಮಹತ್ಯೆ ಮಾಡಿಕೊಂಡರು ಎಂಬುದನ್ನು 1890ರಲ್ಲಿ ಆ ದೇಶದ ಸುಪ್ರೀಂ ಕೋರ್ಟೇ ಒಪ್ಪಿಕೊಂಡಿತು.

ಹೆಸರು ಉಳಿಯಿತು, ಅರ್ಥ ಅಳಿಯಿತು. ಇಂದು 18 ಲಕ್ಷಕ್ಕೂ ಹೆಚ್ಚು ಜನರನ್ನು ಬಂಧನದಲ್ಲಿಟ್ಟಿರುವ ಅಮೆರಿಕದಲ್ಲಿ ಈ ಅರ್ಥನಾಶ ಅತ್ಯಂತ ಸ್ಪಷ್ಟವಾಗಿ ಕಾಣುವುದು ಮಕ್ಕಳ ವಿಷಯದಲ್ಲಿ. ಬಾಲಕನೊಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು, ನೀನು ಎಂದೆಂದಿಗೂ ತಿದ್ದಿಕೊಳ್ಳಲಾರೆ, ಸಾಯುವವರೆಗೂ ಇಲ್ಲಿಯೇ ಇರು ಎಂದು ಹೇಳುವ ಅಧಿಕಾರ ಯಾವ ನ್ಯಾಯಪೀಠಕ್ಕೂ ಇರಲಾಗದು. ಮನುಷ್ಯನ ಮುಂದಿನ ಪರಿಣಾಮವನ್ನು ಬಲ್ಲ ಸರ್ವಜ್ಞನು ಯಾವ ಪೀಠದಲ್ಲಿಯೂ ಕುಳಿತಿಲ್ಲ. ಆದ್ದರಿಂದ ಅಂತಹ ತೀರ್ಪು ದಂಡನೆಯಲ್ಲ. ನ್ಯಾಯದ ಉಡುಪು ತೊಟ್ಟ ಹಿಂಸೆ.

ಮಕ್ಕಳನ್ನು ಬೇರೆಯಾಗಿ ಕಾಣಬೇಕೆಂಬ ವಿವೇಕವನ್ನು ಲೋಕಕ್ಕೆ ತೋರಿಸಿದ ದೇಶಗಳಲ್ಲಿ ಅಮೆರಿಕವೂ ಒಂದು ಎಂಬುದು ಇಲ್ಲಿನ ವಿಪರ್ಯಾಸ. 1899ರಲ್ಲಿ ಷಿಕಾಗೋ ನಗರದಲ್ಲಿ ಪ್ರಥಮ ಬಾಲನ್ಯಾಯಾಲಯ ಸ್ಥಾಪನೆಯಾಯಿತು. ತಪ್ಪು ಮಾಡಿದ ಮಗುವಿಗೆ ಸರ್ಕಾರವೇ ತಂದೆಯ ಸ್ಥಾನದಲ್ಲಿ ನಿಂತು ತಿದ್ದಬೇಕು ಎಂಬುದು ಅದರ ಆಶಯ. ಆದರೆ ತಂದೆಯ ವೇಷದ ಸರ್ಕಾರ ಎಷ್ಟು ನಿರಂಕುಶವಾಗಬಲ್ಲುದೆಂಬುದು 1964ರಲ್ಲಿ ಅರಿಜೋನಾ ರಾಜ್ಯದಲ್ಲಿ ಬಯಲಾಯಿತು. ನೆರೆಯ ಮಹಿಳೆಗೆ ದೂರವಾಣಿಯಲ್ಲಿ ಅಸಭ್ಯವಾಗಿ ಮಾತನಾಡಿದನೆಂಬ ಆರೋಪದ ಮೇಲೆ ಜೆರಾಲ್ಡ್ ಗಾಲ್ಟ್ ಎಂಬ 15 ವರ್ಷದ ಹುಡುಗನನ್ನು 21 ವರ್ಷ ತುಂಬುವವರೆಗೆ ಸುಧಾರಣಾ ಶಾಲೆಗೆ ಒಪ್ಪಿಸಲಾಯಿತು. ವಕೀಲನಿಲ್ಲ, ವಿಚಾರಣೆಯ ದಾಖಲೆಯಿಲ್ಲ, ದೂರು ಕೊಟ್ಟವಳು ನ್ಯಾಯಾಲಯಕ್ಕೆ ಬರಲೂ ಇಲ್ಲ. ಅದೇ ತಪ್ಪನ್ನು ವಯಸ್ಕನು ಮಾಡಿದ್ದರೆ 5ರಿಂದ 50 ಡಾಲರುಗಳ ದಂಡ ಅಥವಾ ಹೆಚ್ಚೆಂದರೆ ಎರಡು ತಿಂಗಳ ಸೆರೆವಾಸ! 1967ರಲ್ಲಿ ಸುಪ್ರೀಂ ಕೋರ್ಟು ಈ ಅನ್ಯಾಯವನ್ನು ತಡೆದು, ಬಾಲಕನಿಗೂ ವಕೀಲನ ನೆರವು ಮತ್ತು ಕ್ರಮಬದ್ಧ ವಿಚಾರಣೆಯ ಹಕ್ಕು ಉಂಟೆಂದು ಘೋಷಿಸಿತು.

ಆದರೆ ಕಾಗದದ ಮೇಲೆ ದೊರೆತ ಹಕ್ಕನ್ನು ಭಯವು ನುಂಗಿತು. 1995ರಲ್ಲಿ ಜಾನ್ ಡಿಯುಲಿಯೊ ಎಂಬ ರಾಜ್ಯಶಾಸ್ತ್ರಜ್ಞ, ಕರುಣೆಯಿಲ್ಲದ, ಪಶ್ಚಾತ್ತಾಪವರಿಯದ 'ಮಹಾಹಿಂಸ್ರ' ಬಾಲಕರ ಪೀಳಿಗೆಯೊಂದು ಬರಲಿದೆಯೆಂದು ಬರೆದನು. ಮಕ್ಕಳನ್ನು ಬೇಟೆಯಾಡುವ ಮೃಗಗಳೊಡನೆ ಹೋಲಿಸಿದ ಈ ಮಾತನ್ನು ಪತ್ರಿಕೆಗಳೂ ರಾಜಕಾರಣಿಗಳೂ ಎತ್ತಿಕೊಂಡು ಮೆರೆಸಿದರು. ಆ ದಶಕದಲ್ಲಿ ಬಹುತೇಕ ರಾಜ್ಯಗಳು ಬಾಲಕರನ್ನು ವಯಸ್ಕರ ನ್ಯಾಯಾಲಯಕ್ಕೆ ವರ್ಗಾಯಿಸುವುದನ್ನು ಸುಲಭಗೊಳಿಸಿದವು. ಭವಿಷ್ಯವಾಣಿ ಪೂರ್ಣವಾಗಿ ಸುಳ್ಳಾಯಿತು. ಬಾಲಾಪರಾಧಗಳು ಏರುವ ಬದಲು ಇಳಿದವು. ಡಿಯುಲಿಯೊ ತನ್ನ ತಪ್ಪನ್ನು ಒಪ್ಪಿಕೊಂಡು, 2012ರಲ್ಲಿ ಬಾಲಕರ ಪರವಾಗಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಮನವಿಗೆ ಸಹಿ ಹಾಕಿದನು. ವಿದ್ವಾಂಸನಿಗೆ ಬದಲಾಗುವ ಅವಕಾಶವಿತ್ತು. ಆತನ ಮಾತನ್ನು ನಂಬಿದ ಕಾಲದಲ್ಲಿ ಆಜೀವ ಸೆರೆಗೆ ಬಿದ್ದ ಬಾಲಕರಿಗೆ ಆ ಅವಕಾಶವಿರಲಿಲ್ಲ. ಇದೆಂತಹ ನ್ಯಾಯ?

ನ್ಯಾಯಾಲಯಗಳು ಕಣ್ಣು ತೆರೆದುದು ಬಹಳ ತಡವಾಗಿ. 18 ವರ್ಷ ತುಂಬುವ ಮೊದಲು ಮಾಡಿದ ಅಪರಾಧಕ್ಕೆ ಮರಣದಂಡನೆ ಕೂಡದೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿದುದು 2005ರಲ್ಲಿ. ಅದೂ ಐದು ಮತಗಳಿಗೆ ನಾಲ್ಕು ಮತಗಳ ಅಂತರದಿಂದ. ಕೊಲೆಯಲ್ಲದ ಅಪರಾಧಗಳಿಗೆ ಬಿಡುಗಡೆಯ ಆಸೆಯಿಲ್ಲದ ಆಜೀವ ಸೆರೆಯನ್ನು 2010ರಲ್ಲಿ ನಿಷೇಧಿಸಲಾಯಿತು. ಕೊಲೆಯ ಪ್ರಕರಣದಲ್ಲಿಯೂ ಅಂತಹ ಶಿಕ್ಷೆ ಬಾಲಕರಿಗೆ ಕಡ್ಡಾಯವಾಗಿರಬಾರದೆಂದು 2012ರಲ್ಲಿಯೂ, ಹಳೆಯ ಕೈದಿಗಳಿಗೂ ಇದು ಅನ್ವಯಿಸುವುದೆಂದು 2016ರಲ್ಲಿಯೂ ತೀರ್ಪಾಯಿತು. ಆ ಕೊನೆಯ ತೀರ್ಪನ್ನು ಪಡೆದ ಹೆನ್ರಿ ಮಾಂಟ್‌ಗೊಮರಿ 1963ರಲ್ಲಿ, ತನ್ನ 17ನೆಯ ವಯಸ್ಸಿನಲ್ಲಿ, ಲೂಯಿಸಿಯಾನಾ ರಾಜ್ಯದ ಪೊಲೀಸ್ ಅಧಿಕಾರಿಯೊಬ್ಬನನ್ನು ಕೊಂದವನು. ತನ್ನ ಹೆಸರಿನ ತೀರ್ಪಿನಿಂದ ನೂರಾರು ಜನ ಹೊರಬಂದರೂ ಆತನಿಗೆ ಪೆರೋಲ್ ಎರಡು ಬಾರಿ ನಿರಾಕರಿಸಲ್ಪಟ್ಟಿತು. 2021ರ ನವೆಂಬರಿನಲ್ಲಿ ಹೊರಬಂದಾಗ ಆತನಿಗೆ 75 ವರ್ಷ. ಅದೇ ವರ್ಷದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹಿಂದೆ ಸರಿದು, ಬಾಲಕನು ತಿದ್ದಲಾಗದವನೆಂಬ ನಿರ್ಣಯವನ್ನು ದಾಖಲಿಸದೆಯೂ ಆಜೀವ ಸೆರೆ ವಿಧಿಸಬಹುದೆಂದು ಹೇಳಿತು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಈ ಶಿಕ್ಷೆಯನ್ನು ತೊರೆದಿದ್ದರೂ ಉಳಿದೆಡೆ ಆ ಬಾಗಿಲು ಇನ್ನೂ ಮುಚ್ಚಬಹುದಾಗಿದೆ.

ಆ ಬಾಗಿಲು ಯಾರ ಮೇಲೆ ಮುಚ್ಚುತ್ತದೆ? ಬಂಧನದಲ್ಲಿರುವ ಬಾಲಕರ ಸಂಖ್ಯೆ 2000ದಲ್ಲಿ ಒಂದು ಲಕ್ಷವನ್ನು ಮೀರಿದ್ದು, 2022ರ ವೇಳೆಗೆ 30,000ಕ್ಕಿಂತ ಕೆಳಗಿಳಿಯಿತು. ಇದು ಸ್ವಾಗತಾರ್ಹ. ಆದರೆ ತಾರತಮ್ಯ ಇಳಿದಿಲ್ಲ. ಬಿಳಿಯ ಬಾಲಕರಿಗಿಂತ ಕಪ್ಪು ಬಾಲಕರು ಬಂಧನಕ್ಕೊಳಗಾಗುವ ಸಂಭವ ಇಂದಿಗೂ ಸುಮಾರು ಐದು ಪಟ್ಟು ಹೆಚ್ಚು. ಬಣ್ಣದ ಜೊತೆಗೆ ಬಡತನವೂ ಸೇರಿದರೆ ಗತಿ ಏನೆಂಬುದಕ್ಕೆ ನ್ಯೂಯಾರ್ಕ್ ನಗರದ ಕಲೀಫ್ ಬ್ರೌಡರ್‌ನ ಬದುಕೇ ಸಾಕ್ಷಿ. ಚೀಲವೊಂದನ್ನು ಕದ್ದನೆಂಬ ಆರೋಪದ ಮೇಲೆ 2010ರಲ್ಲಿ ಬಂಧಿತನಾದಾಗ ಆತನಿಗೆ 16 ವರ್ಷ. ಜಾಮೀನಿಗೆ ಬೇಕಾದ 3,000 ಡಾಲರುಗಳು ಕುಟುಂಬದ ಬಳಿ ಇರಲಿಲ್ಲ. ತಪ್ಪೊಪ್ಪಿಕೊಂಡರೆ ಬಿಡುವೆವೆಂದರೂ ಮಾಡದ ತಪ್ಪನ್ನು ಆತ ಒಪ್ಪಿಕೊಳ್ಳಲಿಲ್ಲ. ರೈಕರ್ಸ್ ದ್ವೀಪದ ಸೆರೆಮನೆಯಲ್ಲಿ ಮೂರು ವರ್ಷ, ಅದರಲ್ಲಿ ಸುಮಾರು ಎರಡು ವರ್ಷ ಏಕಾಂತ ಕೋಣೆಯಲ್ಲಿ ಕಳೆದ ಮೇಲೆ, ವಿಚಾರಣೆಯೇ ನಡೆಯದೆ ಆರೋಪವನ್ನು ಕೈಬಿಡಲಾಯಿತು. 2015ರಲ್ಲಿ, 22ನೆಯ ವಯಸ್ಸಿನಲ್ಲಿ, ಆತ ಆತ್ಮಹತ್ಯೆ ಮಾಡಿಕೊಂಡನು. 1890ರಲ್ಲಿ ನ್ಯಾಯಮೂರ್ತಿಗಳು ಬರೆದಿಟ್ಟ ಎಚ್ಚರಿಕೆ 120 ವರ್ಷಗಳ ನಂತರವೂ ಆ ಕೋಣೆಯ ಬೀಗವನ್ನು ತೆಗೆಸಲಿಲ್ಲ.

ಪೆನ್ಸಿಲ್ವೇನಿಯಾದ ಲುಜರ್ನ್ ಕೌಂಟಿಯಲ್ಲಿ ನಡೆದುದು ಇನ್ನೂ ಹೇಯವಾದುದು. ಖಾಸಗಿ ಬಾಲಬಂಧನ ಕೇಂದ್ರಗಳಿಗೆ ಸಂಬಂಧಿಸಿದವರಿಂದ ಮಾರ್ಕ್ ಚಿಯವರೆಲಾ ಮತ್ತು ಮೈಕೆಲ್ ಕಾನಹನ್ ಎಂಬ ಇಬ್ಬರು ನ್ಯಾಯಾಧೀಶರು 28 ಲಕ್ಷ ಡಾಲರುಗಳಷ್ಟು ಹಣ ಪಡೆದರು. ಚಿಯವರೆಲಾ ಕ್ಷುಲ್ಲಕ ತಪ್ಪುಗಳಿಗೂ, ವಕೀಲರಿಲ್ಲದ ಮಕ್ಕಳನ್ನು ನಿಮಿಷಗಳಲ್ಲಿ ವಿಚಾರಿಸಿ ಬಂಧನಕ್ಕೆ ಕಳುಹಿಸುತ್ತಿದ್ದನು. 1967ರ ತೀರ್ಪು ಗ್ರಂಥದಲ್ಲಿಯೇ ಉಳಿದಿತ್ತು. ವಿಷಯ ಬಯಲಾದ ಮೇಲೆ ರಾಜ್ಯದ ಸುಪ್ರೀಂ ಕೋರ್ಟು ಸುಮಾರು 4,000 ತೀರ್ಪುಗಳನ್ನು ರದ್ದುಗೊಳಿಸಿತು; 2011ರಲ್ಲಿ ಇಬ್ಬರಿಗೂ ದೀರ್ಘ ಸೆರೆವಾಸವಾಯಿತು. ಆದರೆ 2024ರ ಡಿಸೆಂಬರಿನಲ್ಲಿ ಅಧ್ಯಕ್ಷ ಬೈಡನ್ ಅವರು ಕಾನಹನ್‌ನ ಉಳಿದ ಶಿಕ್ಷೆಯನ್ನು ಮೊಟಕುಗೊಳಿಸಿದರು. ವೃದ್ಧನಿಗೆ ಕ್ಷಮೆ ದೊರೆತುದಕ್ಕೆ ಆಕ್ಷೇಪವಿಲ್ಲ. ಮಕ್ಕಳನ್ನು ಮಾರಿದವನಿಗೆ ದೊರೆಯುವ ದಯೆ, ದಾರಿತಪ್ಪಿದ ಮಗುವಿಗೆ ಏಕೆ ದೊರೆಯದು ಎಂಬುದೇ ಪ್ರಶ್ನೆ.

ಕೊಲೆಯಾದವನ ಮನೆಯವರ ದುಃಖಕ್ಕೆ ಬೆಲೆಯಿಲ್ಲವೇ ಎಂದು ಕೆಲವರು ಕೇಳುವರು. ಖಂಡಿತವಾಗಿ ಇದೆ. ಅಪರಾಧಕ್ಕೆ ದಂಡನೆ ಬೇಡವೆಂದು ವಿವೇಕಿಗಳಾರೂ ಹೇಳುವುದಿಲ್ಲ. ಅಪಾಯಕಾರಿಯನ್ನು ಸಮಾಜದಿಂದ ದೂರವಿಡುವುದೂ ಕೆಲಕಾಲ ಅಗತ್ಯವಾದೀತು. ಇಲ್ಲಿ ಬೇಡುವುದು ಬಿಡುಗಡೆಯನ್ನಲ್ಲ, ಪುನರ್ವಿಮರ್ಶೆಯನ್ನು. ಹದಿನಾಲ್ಕರ ಹುಡುಗ ನಲವತ್ತರ ಮನುಷ್ಯನಾದಾಗ ಆತನನ್ನು ಮತ್ತೊಮ್ಮೆ ನೋಡಬೇಕು ಎಂಬಷ್ಟೇ ಬೇಡಿಕೆ. ಹಾಗೆ ನೋಡಿದಾಗ ಕಂಡುಬಂದುದೇನು? 2012ರ ಮುಂಚೆ ಆಜೀವ ಸೆರೆಗೆ ಒಳಗಾಗಿದ್ದ ಬಾಲಕರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಈಗ ಹೊರಗಿದ್ದಾರೆ. ಫಿಲಡೆಲ್ಫಿಯಾದಲ್ಲಿ ಹೀಗೆ ಬಿಡುಗಡೆಯಾದ 174 ಮಂದಿಯನ್ನು ಕುರಿತ 2020ರ ಅಧ್ಯಯನದಲ್ಲಿ, ಮತ್ತೆ ಅಪರಾಧ ಸಾಬೀತಾದವರು ಇಬ್ಬರು ಮಾತ್ರ. ಪಶ್ಚಾತ್ತಾಪಕ್ಕೆಂದು ಸೆರೆಮನೆ ಕಟ್ಟಿದ ನಗರದಲ್ಲಿಯೇ, ಸೆರೆಮನೆಯ ಹೊರಗೆ ಪಶ್ಚಾತ್ತಾಪದ ಫಲ ಕಂಡಿತು.

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಾಲಕರಿಗೆ ಬಿಡುಗಡೆಯಿಲ್ಲದ ಆಜೀವ ಸೆರೆಯನ್ನು ನಿಷೇಧಿಸಿದೆ. ಅದಕ್ಕೆ 1995ರಲ್ಲಿ ಸಹಿ ಹಾಕಿದರೂ ಇಂದಿಗೂ ಅನುಮೋದಿಸದಿರುವ ವಿಶ್ವಸಂಸ್ಥೆಯ ಏಕೈಕ ಸದಸ್ಯರಾಷ್ಟ್ರ ಅಮೆರಿಕ. ಭಾರತದ 2015ರ ಬಾಲನ್ಯಾಯ ಕಾಯಿದೆಯೂ ಘೋರ ಅಪರಾಧಗಳಲ್ಲಿ 16ರಿಂದ 18 ವರ್ಷದವರನ್ನು ವಯಸ್ಕರಂತೆ ವಿಚಾರಿಸಲು ಎಡೆಕೊಟ್ಟಿತು. ಆದರೆ ಮರಣದಂಡನೆಯನ್ನೂ ಬಿಡುಗಡೆಯ ಆಸೆಯಿಲ್ಲದ ಆಜೀವ ಸೆರೆಯನ್ನೂ ಸ್ಪಷ್ಟವಾಗಿ ಹೊರಗಿಟ್ಟಿತು. ಆ ಗಡಿಯನ್ನು ಅಳಿಸಬೇಕೆಂಬ ಕೂಗು ಎದ್ದಾಗಲೆಲ್ಲ ಅಮೆರಿಕದ ಅನುಭವವನ್ನು ಸ್ಮರಿಸುವುದು ಒಳಿತು.

ದೂರದೇಶದ ಈ ವಿಚಾರ ಇಲ್ಲಿನ ಕುಟುಂಬಗಳಿಗೇಕೆ ಎನ್ನುವಂತಿಲ್ಲ. ಅನೇಕ ಮನೆಗಳ ಮಕ್ಕಳು, ಮೊಮ್ಮಕ್ಕಳು ಇಂದು ಅಲ್ಲಿನ ಪ್ರಜೆಗಳು. ಆ ಸೆರೆಮನೆಗಳು ನಡೆಯುವುದು ಅವರ ತೆರಿಗೆಯಿಂದಲೂ ಹೌದು. ಬಹುಪಾಲು ರಾಜ್ಯಗಳಲ್ಲಿ ಬಾಲಕನನ್ನು ಯಾವ ನ್ಯಾಯಾಲಯಕ್ಕೆ ಒಯ್ಯಬೇಕೆಂಬುದರಲ್ಲಿ ದೊಡ್ಡ ಪಾತ್ರ ವಹಿಸುವ ಜಿಲ್ಲಾ ಅಟಾರ್ನಿಗಳು ಚುನಾಯಿತರಾಗುವುದು ಅವರ ಮತದಿಂದಲೂ ಹೌದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯ ಹಿಂಸೆಯನ್ನು ಬಾಲ್ಯದಿಂದಲೇ ಕೇಳಿ ಬೆಳೆದವರು ಆ ಮೂರನೆಯದನ್ನು ಮತಪೆಟ್ಟಿಗೆಯ ಎದುರಿನಲ್ಲಿಯೂ ನೆನೆಯಬೇಕು. ಅಡುಗೆಮನೆಯಲ್ಲಿ ಕ್ರಿಮಿಯ ಪ್ರಾಣಕ್ಕಾಗಿ ನೀರು ಸೋಸುವ ಕೈ, ಮಗುವೊಂದರ ಇಡೀ ಬದುಕನ್ನು ಕತ್ತಲೆಗೆ ತಳ್ಳುವ ಕಾನೂನಿಗೆ ಮುದ್ರೆಯೊತ್ತಬಾರದು.