ಹೊಲದ ಸವಳು, ಊಟದ ಉಪ್ಪು

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ಬಸಿಯದೆ ಸವಳು ಹತ್ತಿದ ಗದ್ದೆಗಳು ಎಷ್ಟೋ ಇವೆ. ಅಂಥ ಒಂದು ಗದ್ದೆಯ ಮಣ್ಣು ಪರೀಕ್ಷೆಯ ಚೀಟಿ ಹಿಡಿದುಕೊಂಡು ಎರಡು ವರ್ಷದ ಹಿಂದೆ ಹಿರಿಯ ರೈತರೊಬ್ಬರು ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬಂದರು. ಎಕರೆಗೆ ಜಿಪ್ಸಂ ಎಷ್ಟು ಹಾಕಬೇಕು, ಬಸಿಗಾಲುವೆ ಎಲ್ಲಿ ತೆಗೆಯಬೇಕು ಎಂಬುದನ್ನು ಬರೆದುಕೊಟ್ಟೆ. ಚೀಟಿ ಮಡಿಚಿ ಜೇಬಿಗಿಟ್ಟುಕೊಂಡು ಎದ್ದವರು ಬಾಗಿಲಲ್ಲಿ ನಿಂತರು. "ಸಾಹೇಬ್ರ, ಹೊಲದ ಸವಳಿಗೆ ಔಷಧ ಬರದು ಕೊಟ್ರಿ. ನನ್ನ ಮೈಯಾಗೂ ಸವಳು ಹತ್ತೈತಂತ. ಬಿ.ಪಿ. ಐತಿ, ಉಪ್ಪು ಬಿಡು ಅಂದಾರ ಡಾಕ್ಟ್ರು. ಉಪ್ಪಿಲ್ಲದ ಪಲ್ಲೆ ಗಂಟಲಾಗ ಇಳಿಯವಲ್ದು. ಅದಕ್ಕೂ ಒಂದು ಜಿಪ್ಸಂ ಇದ್ರ ಹೇಳ್ರಿ" ಎಂದರು.

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. "ನಾಲಗಿ ಬಿಗಿ ಹಿಡೀರಿ ಯಜಮಾನ್ರ" ಎಂದು ಹೇಳಿ ಮುಂದಿನವರ ಚೀಟಿ ತೆಗೆದುಕೊಂಡೆ.

ಮರುವರ್ಷ ಹಿಂಗಾರಿ ಬಿತ್ತನೆಯ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು. ನೋಡಲು ಹೋದಾಗ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಸೊಸೆ ನಡೆದದ್ದನ್ನು ಹೇಳಿದಳು. ಇಪ್ಪತ್ತು ದಿನ ಮಾವನವರಿಗೆಂದು ಬೇರೆ ಗಡಿಗೆಯಲ್ಲಿ ಉಪ್ಪಿಲ್ಲದ ಅಡಿಗೆ ಮಾಡಿದ್ದಳು. ಅವರು ಅರ್ಧ ಉಂಡು ಏಳುತ್ತಿದ್ದರು. ಇಪ್ಪತ್ತೊಂದನೆಯ ದಿನ ಮಾವಿನ ಉಪ್ಪಿನಕಾಯಿ ಜಾಡಿ ಎಳೆದುಕೊಂಡು ಕುಳಿತವರು ಮತ್ತೆ ಪಥ್ಯದ ಕಡೆ ತಿರುಗಲಿಲ್ಲ. ಅದಕ್ಕೂ ಮೊದಲೇ, "ಉಪ್ಪೇ ಬಿಟ್ಟೀನಿ, ಗುಳಿಗೆ ಯಾಕ?" ಎಂದು ಬಿ.ಪಿ. ಗುಳಿಗೆಯನ್ನೂ ನಿಲ್ಲಿಸಿದ್ದರಂತೆ. ಲಕ್ವಕ್ಕೆ ಉಪ್ಪಿನಕಾಯಿಯೊಂದೇ ಕಾರಣವೆಂದು ನಾನು ಹೇಳಲಾರೆ. ಗುಳಿಗೆ ಬಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ಆದರೆ ಆ ದಿನ ಬಾಗಿಲಲ್ಲಿ ನಿಂತು ಅವರು ಕೇಳಿದ್ದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರವೂ ಇತ್ತು. ನಾನು ಕೊಡಲಿಲ್ಲ.

"ಉಪ್ಪು ಬಿಡು" ಎಂಬುದು ಅರ್ಧ ಸಲಹೆ. ಭತ್ತ ಬಿಡು ಎಂದು ರೈತನಿಗೆ ಹೇಳಿ, ಬದಲಿಗೆ ಏನು ಬೆಳೆಯಬೇಕು ಎಂದು ಹೇಳದೆ ಬಂದರೆ ಅವನು ಮುಂದಿನ ಹಂಗಾಮಿಗೆ ಮತ್ತೆ ಭತ್ತವನ್ನೇ ಹಚ್ಚುತ್ತಾನೆ. ನಾಲಗೆಯೂ ಹಾಗೆಯೇ. ಅದು ಬೇಡುವುದನ್ನು ಕಿತ್ತುಕೊಂಡು ಖಾಲಿ ಬಿಟ್ಟರೆ ಅದು ಜಾಡಿಯ ಕಡೆಗೇ ಹೋಗುತ್ತದೆ. ಉಪ್ಪಿನ ಚಪಲವನ್ನು ಬೈದು ಓಡಿಸಲಾಗದು, ಅದಕ್ಕೆ ಬೇರೆ ಉಣಿಸು ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಉಪ್ಪು ಇದ್ದಲ್ಲಿಗೆ ನೀರು ಬರುತ್ತದೆ. ರಕ್ತದಲ್ಲಿ ಸೋಡಿಯಂ ಹೆಚ್ಚಾದರೆ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದ ಪ್ರಮಾಣ ಏರುತ್ತದೆ, ನಾಳಗಳ ಮೇಲೆ ಒತ್ತಡ ಬೀಳುತ್ತದೆ. ಗೇಟ್‌ವಾಲ್ವ್ ಮುಚ್ಚಿ ಪಂಪ್‌ಸೆಟ್ ಓಡಿಸಿದರೆ ಪೈಪು ಎಲ್ಲಿ ಸವೆದಿದೆಯೋ ಅಲ್ಲೇ ಒಡೆಯುವುದನ್ನು ನೀವೆಲ್ಲ ಕಂಡಿದ್ದೀರಿ. ಒಬ್ಬ ವಯಸ್ಕನಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸಪಾಟಾದ ಒಂದು ಟೀ ಚಮಚ. ನಮ್ಮ ದೇಶದಲ್ಲಿ ಜನ ತಿನ್ನುತ್ತಿರುವುದು ಸುಮಾರು ಇದರ ಎರಡು ಪಟ್ಟು. ನಿಮ್ಮ ಮನೆಯ ಲೆಕ್ಕ ತಿಳಿಯಬೇಕಾದರೆ ತೂಕದ ಯಂತ್ರ ಬೇಡ, ಕಿರಾಣಿ ಚೀಟಿ ಸಾಕು. ಐದು ಜನ ದೊಡ್ಡವರಿರುವ ಮನೆಗೆ ತಿಂಗಳಿಗೆ 750 ಗ್ರಾಂ ಮೀರಬಾರದು. ನೀವು ತರುವುದು ಎಷ್ಟು ಕಿಲೊ?

ಉಪ್ಪು ಎಲ್ಲಿ ಅಡಗಿದೆ ಎಂಬುದನ್ನೂ ನೋಡಬೇಕು. ನಮ್ಮ ಜೋಳದ ರೊಟ್ಟಿಗೆ ಉಪ್ಪು ಹಾಕುವ ಪದ್ಧತಿಯೇ ಇಲ್ಲ. ಬಿಸಿನೀರು, ಹಿಟ್ಟು, ಕೈಬಡಿತ, ಅಷ್ಟೇ. ಬನ್ನು, ಖಾರಿ, ಬಿಸ್ಕತ್ತು ಹಾಗಲ್ಲ. ಅವುಗಳಲ್ಲಿ ಉಪ್ಪಿರುತ್ತದೆ, ಹಲವಕ್ಕೆ ಸೋಡಾ ಬೇರೆ. ಅಡಿಗೆ ಸೋಡಾ ಕೂಡ ಸೋಡಿಯಮ್ಮೇ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ತಿನ್ನುವ ಮಂಡಾಳು ವಗ್ಗರಣಿ-ಮಿರ್ಚಿಯಲ್ಲಿ ಉಪ್ಪು ಮೂರು ಸಲ ಬೀಳುತ್ತದೆ: ಮಂಡಾಳು ಹುರಿಯುವ ಮೊದಲು ಅಕ್ಕಿಗೆ ಉಣಿಸಿದ್ದು, ಒಗ್ಗರಣೆಗೆ ಹಾಕಿದ್ದು, ಮಿರ್ಚಿಯ ಹಿಟ್ಟಿಗೆ ಕಲಸಿದ್ದು. ಹಪ್ಪಳಕ್ಕೆ ಉಪ್ಪಿನ ಜೊತೆ ಪಾಪಡಖಾರ. ಉಪ್ಪಿನಕಾಯಿಯಂತೂ ಕೆಡದೆ ನಿಲ್ಲುವುದೇ ಉಪ್ಪಿನ ಬಲದಿಂದ, ನೂರು ಗ್ರಾಂಗೆ ಹತ್ತರಿಂದ ಹದಿನೈದು ಗ್ರಾಂ ಇರುತ್ತದೆ. ಮಸಾಲೆ ಸಮೇತ ಒಂದು ದೊಡ್ಡ ಹೋಳು ಬಡಿಸಿಕೊಂಡರೆ ದಿನದ ಪಾಲಿನ ಮೂರರಲ್ಲಿ ಒಂದು ಭಾಗ ಅಲ್ಲೇ ಮುಗಿಯಿತು.

ನಾಲಗೆಯ ವಿಷಯದಲ್ಲಿ ಒಂದು ಸಮಾಧಾನದ ಮಾತಿದೆ. 1982ರಲ್ಲಿ ಅಮೆರಿಕದ ಸಂಶೋಧಕರು ಕೆಲವು ತರುಣರಿಗೆ ಐದು ತಿಂಗಳು ಉಪ್ಪು ಕಡಿಮೆಯ ಊಟ ಕೊಟ್ಟು ನೋಡಿದರು. ಎರಡು ಮೂರು ತಿಂಗಳಾಗುವಷ್ಟರಲ್ಲಿ ಅವರ ನಾಲಗೆಯೇ ಬದಲಾಗಿ, ಮೊದಲು ಹಿತವೆನಿಸಿದ್ದ ಉಪ್ಪು ಹೆಚ್ಚೆನಿಸತೊಡಗಿತು. ನಮ್ಮ ಯಜಮಾನರು ಇಪ್ಪತ್ತು ದಿನ ತಡೆದರು. ಅದೂ ಒಮ್ಮೆಲೇ ಪೂರ್ತಿ ಬಿಟ್ಟು. ಹದಿನೈದು ದಿನಕ್ಕೊಮ್ಮೆ ಕಾಲು ಭಾಗ ಇಳಿಸಿದ್ದರೆ, ನಡುವಿನ ಆ ಎರಡು ಮೂರು ತಿಂಗಳನ್ನು ದಾಟಿಸಲು ತಟ್ಟೆಯಲ್ಲಿ ಬೇರೆ ರುಚಿ ಇದ್ದಿದ್ದರೆ, ಅವರೂ ದಡ ಸೇರುತ್ತಿದ್ದರೇನೋ.

ಆ ರುಚಿಗಳು ನಮ್ಮ ಹಿತ್ತಲಲ್ಲೇ ಇವೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ನಮ್ಮ ಅವ್ವನಿಗೆ ಬಿ.ಪಿ. ಬಂದಾಗ ನಮ್ಮ ಮನೆಯ ಒಲೆಯ ಮುಂದೆ ಕಲಿತೆವು. ಎಲ್ಲಕ್ಕಿಂತ ಮೊದಲು ಹುಳಿ. ಹುಳಿ ಚುರುಕಾಗಿದ್ದರೆ ಇರುವ ಸ್ವಲ್ಪ ಉಪ್ಪೇ ನಾಲಗೆಗೆ ಹೆಚ್ಚಾಗಿ ತೋರುತ್ತದೆ. ಲಿಂಬೆ, ಹುಣಸೆ, ನೆಲ್ಲಿ, ಎಳೆ ಮಾವಿನಕಾಯಿ ಎಲ್ಲವೂ ಸರಿ, ಆದರೆ ನಮ್ಮ ಸೀಮೆಯಲ್ಲಿ ಪುಂಡಿಪಲ್ಲೆಯನ್ನು ಮೀರಿಸುವುದು ಬೇರೊಂದಿಲ್ಲ. ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ ಹಾಕಿ ಕುದಿಸಿ, ಬೆಳ್ಳುಳ್ಳಿಯನ್ನು ಕೈಬಿಚ್ಚಿ ಜಜ್ಜಿ ಒಗ್ಗರಣೆ ಕೊಟ್ಟ ಪುಂಡಿಪಲ್ಲೆಗೆ ಮೊದಲಿನ ಅರ್ಧದಷ್ಟು ಉಪ್ಪು ಹಾಕಿದರೂ ಅವ್ವನಿಗೆ ಗೊತ್ತಾಗಲಿಲ್ಲ. ಬರಿ ಬೇಳೆಸಾರಿಗೆ ಹಾಗೆ ಮಾಡಿದ ದಿನ ಮಾತ್ರ ತಟ್ಟೆ ಸರಿಸಿದ್ದಳು. ಮಾವಿನ ಸುಗ್ಗಿಯಲ್ಲಿ ಹೋಳುಗಳನ್ನು ಉಪ್ಪು ಹಚ್ಚದೆ ತೆಳ್ಳಗೆ ಕೊಯ್ದು ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ ಕುಟ್ಟಿಟ್ಟರೆ, ಮಳೆಗಾಲದಲ್ಲೂ ಹುಳಿಗೆ ಕೊರತೆಯಿಲ್ಲ.

ಎರಡನೆಯದು ಪುಡಿಗಳು. ಶೇಂಗಾ ಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ. ಇವುಗಳಿಗೂ ಉಪ್ಪಿನಕಾಯಿಗೂ ಒಂದು ವ್ಯತ್ಯಾಸವಿದೆ. ಉಪ್ಪಿನಕಾಯಿಯಲ್ಲಿ ನೀರಿನಂಶ ಇರುವುದರಿಂದ ಉಪ್ಪು ತೆಗೆದರೆ ಬೂಸ್ಟು ಹಿಡಿಯುತ್ತದೆ. ಪುಡಿಯಲ್ಲಿ ನೀರಿಲ್ಲ, ಅದು ನಿಲ್ಲುವುದು ಹುರಿದು ಒಣಗಿಸಿದ ಕಾರಣಕ್ಕೆ. ಉಪ್ಪು ಅಲ್ಲಿ ಬರೀ ರುಚಿಗೆ. ಆದ್ದರಿಂದ ಉಪ್ಪೇ ಹಾಕದೆ ಪುಡಿ ಮಾಡಿಟ್ಟು, ಬೇಕಾದವರು ತಟ್ಟೆಯಲ್ಲಿ ಚಿಟಿಕೆ ಬೆರೆಸಿಕೊಳ್ಳಬಹುದು. ಚೆನ್ನಾಗಿ ಹುರಿದ ಗುರೆಳ್ಳಿನ ಘಮಕ್ಕೆ ಅರ್ಧ ಹಸಿವು ಅಲ್ಲೇ ಶಾಂತವಾಗುತ್ತದೆ. ಎಣ್ಣೆಯ ಅಂಶ ಇರುವ ಪುಡಿಗಳಾದ್ದರಿಂದ ಬಹಳ ದಿನಕ್ಕೆ ಮಾಡಿಡಬಾರದು, ಮುಗ್ಗುತ್ತವೆ. ಕೆಂಪು ಖಾರವನ್ನೂ ಹೀಗೆಯೇ ವರ್ಷಕ್ಕೆಂದು ಉಪ್ಪು ಸುರಿದು ತುಂಬಿಡುವ ಬದಲು ಎರಡು ದಿನಕ್ಕಾಗುವಷ್ಟು ಬೆಳ್ಳುಳ್ಳಿ, ಜೀರಿಗೆ, ಲಿಂಬೆರಸ ಹಾಕಿ ರುಬ್ಬಿಕೊಂಡರಾಯಿತು. ಹೌದು, ಹೆಣ್ಣುಮಕ್ಕಳಿಗೆ ಕೆಲಸ ಹೆಚ್ಚುತ್ತದೆ. ಬೆಳ್ಳುಳ್ಳಿ ಸುಲಿಯಲು ಗಂಡಸರಿಗೂ ಬರುತ್ತದೆ.

ಇನ್ನು ಉಪ್ಪನ್ನು ಹಾಕುವ ರೀತಿ. ಕುದಿಯುವಾಗ ಹಾಕಿದ ಉಪ್ಪು ಪಲ್ಲೆಯೊಳಗೆಲ್ಲ ಕರಗಿಹೋಗುತ್ತದೆ. ಅದೇ ಉಪ್ಪನ್ನು ಕೊನೆಗೆ ಮೇಲೆ ಉದುರಿಸಿದರೆ ನಾಲಗೆಗೆ ನೇರವಾಗಿ ತಾಗುತ್ತದೆ, ಕಡಿಮೆಯಲ್ಲಿ ಹೆಚ್ಚು ರುಚಿ. ಅವ್ವನಿಗೆ ನಾವು ಬೆಳಿಗ್ಗೆ ಒಂದು ಸಣ್ಣ ಕರಡಿಗೆಯಲ್ಲಿ ಕಾಲು ಚಮಚ ಪುಡಿಉಪ್ಪು ಕೊಡುತ್ತೇವೆ. ಅಡಿಗೆಗೆ ಹಾಕುವ ಅಳತೆಯಲ್ಲಿ ಅಷ್ಟನ್ನು ಮೊದಲೇ ಕಳೆದಿರುತ್ತೇವೆ. ಆ ಕರಡಿಗೆ ಪೂರ್ತಿ ಅವಳದು. ಕೆಲವು ದಿನ ಮಧ್ಯಾಹ್ನ ಲಿಂಬೆ ಹಿಂಡಿದ ಸೌತೆಕಾಯಿ ಹೋಳಿಗೆ ಉದುರಿಸಿಕೊಳ್ಳುತ್ತಾಳೆ, ಕೆಲವು ದಿನ ರಾತ್ರಿಯ ಮಜ್ಜಿಗೆಗೆ ಉಳಿಸುತ್ತಾಳೆ. "ಇದು ನನ್ನ ಪಗಾರ, ಹೆಂಗ ಬೇಕಾದ್ರೂ ಖರ್ಚು ಮಾಡ್ತೀನಿ" ಎನ್ನುತ್ತಾಳೆ. ಊಟದ ಜೊತೆ ಹಸಿ ಮೆಂತ್ಯ, ಉಳ್ಳಾಗಡ್ಡಿ, ಮೂಲಂಗಿ, ಹಕ್ಕರಕಿ ಸೊಪ್ಪು ಕಡಿಯುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದೇ. ಅದಕ್ಕೆ ಉಪ್ಪು ಬೇಡ, ಕಡಿಯುವ ಸುಖವೇ ಹಪ್ಪಳದ ಆಸೆಯನ್ನು ಮುಕ್ಕಾಲು ಪಾಲು ಮರೆಸುತ್ತದೆ.

ಒಬ್ಬರಿಗಾಗಿ ಬೇರೆ ಗಡಿಗೆ ಇಡುವುದನ್ನು ನಾನು ಒಪ್ಪುವುದಿಲ್ಲ. ಎಲ್ಲರ ತಟ್ಟೆಯಲ್ಲಿ ಒಂದು, ತನ್ನ ತಟ್ಟೆಯಲ್ಲಿ ಇನ್ನೊಂದು ಎಂದಾದಾಗ ಮುದುಕರಿಗೆ ಆಗುವ ಅವಮಾನ ಉಪ್ಪಿಲ್ಲದ್ದಕ್ಕಿಂತ ಹೆಚ್ಚು ಸಪ್ಪೆ. ಮನೆಯವರೆಲ್ಲ ಇಳಿಸಬೇಕು. ಹೇಗೂ ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚೇ ತಿನ್ನುತ್ತಿದ್ದೇವೆ.

ಯಜಮಾನರು ಕೇಳಿದ ಜಿಪ್ಸಂ ವಿಷಯಕ್ಕೆ ಬರೋಣ. ಗದ್ದೆಯಲ್ಲಿ ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ, ಬಸಿನೀರು ಅದನ್ನು ಹೊರಗೆ ಒಯ್ಯುತ್ತದೆ. ಮೈಯಲ್ಲಿ ಸುಮಾರಾಗಿ ಅಂಥ ಕೆಲಸ ಮಾಡುವುದು ಪೊಟ್ಯಾಸಿಯಂ. ಅದು ಸಾಕಷ್ಟಿದ್ದರೆ ಮೂತ್ರಪಿಂಡಗಳು ಸೋಡಿಯಂ ಅನ್ನು ಹೆಚ್ಚು ಹೊರಹಾಕುತ್ತವೆ. ಸೊಪ್ಪು, ಬೇಳೆ, ಕಾಳು, ಹಣ್ಣುಗಳಲ್ಲಿ ಅದು ಧಾರಾಳವಾಗಿದೆ. ಅಂಗಡಿಯಲ್ಲಿ ಸಿಗುವ ಸೋಡಿಯಂ ಕಡಿಮೆಯ ಉಪ್ಪಿನಲ್ಲೂ ಒಂದಷ್ಟು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಚೀನಾದ 600 ಹಳ್ಳಿಗಳಲ್ಲಿ, ಹಿಂದೆ ಲಕ್ವ ಹೊಡೆದಿದ್ದ ಅಥವಾ ಅರವತ್ತು ದಾಟಿ ಬಿ.ಪಿ. ಇದ್ದ ಸುಮಾರು 21 ಸಾವಿರ ಜನರ ಮೇಲೆ ಇದರ ಪರೀಕ್ಷೆ ನಡೆದು 2021ರಲ್ಲಿ ಫಲಿತಾಂಶ ಬಂತು. ನಾಲ್ಕರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು ಬಳಸಿದ ಹಳ್ಳಿಗಳಲ್ಲಿ ಲಕ್ವ ನೂರಕ್ಕೆ 14ರಷ್ಟು ಕಡಿಮೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ 2025ರಲ್ಲಿ ಮನೆಯ ಅಡಿಗೆಗೆ ಇಂಥ ಉಪ್ಪನ್ನು ಸೂಚಿಸಿದೆ.

ಆದರೆ ಇಲ್ಲಿ ಎಚ್ಚರಿಕೆ ಬಹಳ ಅಗತ್ಯ. ಮೂತ್ರಪಿಂಡದ ತೊಂದರೆ ಇರುವವರ ಮೈಯಿಂದ ಪೊಟ್ಯಾಸಿಯಂ ಹೊರಹೋಗುವುದಿಲ್ಲ, ಹೃದಯದ ಬಡಿತಕ್ಕೇ ಅಪಾಯ. ಕೆಲವು ಬಿ.ಪಿ. ಗುಳಿಗೆಗಳೂ ಅದನ್ನು ಮೈಯಲ್ಲಿ ಉಳಿಸುತ್ತವೆ. ಮಕ್ಕಳಿಗೆ, ಗರ್ಭಿಣಿಯರಿಗೆ ಆ ಸೂಚನೆ ಅನ್ವಯಿಸುವುದಿಲ್ಲ. ಆದ್ದರಿಂದ ಗುಳಿಗೆಯ ಚೀಟಿ ತೋರಿಸಿ ವೈದ್ಯರನ್ನು ಕೇಳದೆ ಆ ಪ್ಯಾಕೆಟ್ ತರಬೇಡಿ. ಇನ್ನೊಂದು ಮಾತನ್ನು ಕೃಷಿ ಇಲಾಖೆಯವನಾಗಿ ಹೇಳಲೇಬೇಕು. ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವೂ ಪೊಟ್ಯಾಸಿಯಂ ಕ್ಲೋರೈಡೇ ಎಂದು ಜಾಣತನ ಮಾಡಿ ಯಾರೂ ಆ ಚೀಲಕ್ಕೆ ಕೈ ಹಾಕಬಾರದು. ಅದು ತಿನ್ನುವ ವಸ್ತುವಲ್ಲ.

ಸೈಂಧವ ಲವಣ, ಕಪ್ಪುಪ್ಪು ತಿಂದರೆ ಬಿ.ಪಿ. ಬರುವುದಿಲ್ಲವೆಂದು ಹೇಳಿ ಮಾರುವವರಿದ್ದಾರೆ. ಬಣ್ಣ ಬೇರೆ, ಒಳಗಿರುವುದು ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಅಯೋಡಿನ್ ಉಪ್ಪನ್ನೇ ಕಡಿಮೆ ಬಳಸಿ. ಬಿಸಿಲಲ್ಲಿ ಬೆವರು ಸುರಿಸಿ ನಾಟಿ, ಕಟಾವು ಮಾಡುವವರು ಉಪ್ಪನ್ನು ಪೂರ್ತಿ ಬಿಡುವುದೂ ತಪ್ಪು. ಎಷ್ಟು ಎಂಬುದನ್ನು ವೈದ್ಯರೇ ಹೇಳಲಿ. ಗುಳಿಗೆಯನ್ನಂತೂ ಯಾವ ಪಥ್ಯದ ಧೈರ್ಯದ ಮೇಲೂ ನಿಲ್ಲಿಸಬೇಡಿ.

ನಮ್ಮ ಇಲಾಖೆಯ ಸಭೆಗಳಲ್ಲಿ ಇಳುವರಿಯ ಮಾತು ಬರುತ್ತದೆ, ಊಟದ ಮಾತು ಬರುವುದಿಲ್ಲ. ಕೈತೋಟದ ಬೀಜದ ಪೊಟ್ಟಣ ಹಂಚುತ್ತೇವೆ, ಅದರಲ್ಲಿ ಬದನೆ, ಬೆಂಡೆ ಇರುತ್ತವೆ. ಪುಂಡಿ ಇರುವುದನ್ನು ನಾನು ನೋಡಿಲ್ಲ. ಮನೆಗೊಂದು ಲಿಂಬೆ ಗಿಡ, ಒಂದು ಕರಿಬೇವು, ಒಂದು ನುಗ್ಗೆ, ಬಚ್ಚಲ ನೀರು ಹರಿಯುವಲ್ಲಿ ಒಂದು ಮಡಿ ಪುಂಡಿ, ಇಷ್ಟಕ್ಕೆ ಅರ್ಧ ಗುಂಟೆಯೂ ಬೇಡ. ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವ ಸ್ತ್ರೀಶಕ್ತಿ ಸಂಘಗಳು ನಮ್ಮ ಹೋಬಳಿಯಲ್ಲೇ ಇವೆ. ಉಪ್ಪು ಹಾಕದ ಪುಡಿಯ ಪೊಟ್ಟಣವನ್ನೂ ಅವರು ಬೇರೆಯಾಗಿ ಮಾಡಿ ಸಂತೆಗೆ ತಂದರೆ ಕೊಳ್ಳುವವರಿದ್ದಾರೆ. ಇದನ್ನು ಕೇಳಲು ಅವರ ಸಭೆಗೆ ಹೋಗಿದ್ದೆ. ಮೊದಲು ನಕ್ಕರು. ಆಮೇಲೆ ಒಬ್ಬಾಕೆ, ತಮ್ಮ ಮನೆಯಲ್ಲೇ ಇಬ್ಬರಿಗೆ ಬಿ.ಪಿ. ಇದೆ, ಮುಂದಿನ ಸಂತೆಗೆ ಎರಡು ಕಿಲೊ ಮಾಡಿ ನೋಡುತ್ತೇನೆ ಎಂದಳು.

ಯಜಮಾನರು ಈಗ ಕೋಲು ಹಿಡಿದು ಓಡಾಡುತ್ತಾರೆ. ಬಲಗೈಯಲ್ಲಿ ತುತ್ತು ಎತ್ತಲು ಇನ್ನೂ ಬರುವುದಿಲ್ಲ, ಎಡಗೈಯಲ್ಲಿ ಚಮಚದಿಂದ ಉಣ್ಣುತ್ತಾರೆ. ಬೇರೆ ಗಡಿಗೆ ಹೋಗಿದೆ, ಗುಳಿಗೆ ಮತ್ತೆ ಶುರುವಾಗಿದೆ. ಹೋದ ತಿಂಗಳು ಅವರ ಮನೆಯಲ್ಲೇ ಊಟ ಮಾಡಿದೆ. ಪುಂಡಿಪಲ್ಲೆ, ಅಗಸಿ ಪುಡಿ, ರೊಟ್ಟಿ, ಉಪ್ಪು ಹಾಕದ ಒಗ್ಗರಣೆ ಮಜ್ಜಿಗೆ. ನನಗೇ ಒಂದು ಚಿಟಿಕೆ ಉಪ್ಪು ಬೇಕೆನಿಸಿತು, ಅವರಿಗೆ ಬೇಕಿರಲಿಲ್ಲ. ಹಿತ್ತಲಿನ ಪುಂಡಿಯನ್ನು ಸೊಸೆ ಬೀಜಕ್ಕೆಂದು ಬಿಟ್ಟಿದ್ದಾಳೆ. ಒಂದು ಸೇರು ಬರಬಹುದಂತೆ, ಕೇಳಿದವರಿಗೆ ಕೊಡುತ್ತೇವೆ ಎಂದಿದ್ದಾರೆ.